ಕಣ್ಣು ಮೊದಲು ತೆಗೆದ ಮುಖ

ನಿಮ್ಮ ಕೈಯಾರೆ ಮಾಡಿದ್ದೊಂದು ನಿಮ್ಮ ಮಾತನ್ನೇ ಕೇಳದೆ ಹಠ ಹಿಡಿದು ಕೂತದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ಹೆತ್ತ ಮಕ್ಕಳ ವಿಷಯ ಕೇಳುತ್ತಿಲ್ಲ, ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಕೇಳುತ್ತಿರುವುದು ಮಣ್ಣು, ಕಾಗದ, ಅಂಟು ಸೇರಿಸಿ ಮಾಡಿದ ಒಂದು ಮುಖದ ವಿಷಯ. ಕಂಡಿಲ್ಲವಾದರೆ ಓದಿ. ನಡುವೆ ಅಕ್ಷರ ತಪ್ಪಿದರೆ ನಗಬೇಡಿ. ಮೊಮ್ಮಗಳು ಫೋನಿನಲ್ಲಿ ಬರೆಯುವುದನ್ನು ಮೊನ್ನೆ ಮೊನ್ನೆ ಕಲಿಸಿದ್ದಾಳೆ. ನಾನು ಒಂದು ಒತ್ತಿದರೆ ಅದು ಇನ್ನೊಂದು ಬರೆಯುತ್ತದೆ. ಅಳಿಸಿ ಅಳಿಸಿ ಬರೆಯುತ್ತಿದ್ದೇನೆ. ಇಷ್ಟು ವರ್ಷವಾದರೂ ಈ ವಿಷಯದ ಸಿಟ್ಟು ನನ್ನೊಳಗೆ ಇಳಿದಿಲ್ಲ, ಅದಕ್ಕೇ ಈ ಕಷ್ಟ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತ ಎಂದರೆ ನನಗೆ ನಗು ಬರುತ್ತಿತ್ತು. ಹಿತ್ತಲಲ್ಲಿ ಬಿಳಿ ಸೀರೆಯ ಹೆಂಗಸು ನಿಂತಿದ್ದಾಳೆ ಎಂದು ಓಣಿಯವರೆಲ್ಲ ಬಾಗಿಲು ಹಾಕಿಕೊಂಡಾಗ, ಹೋಗಿ ಅದು ಒಣಹಾಕಿ ಮರೆತ ಧೋತರ ಎಂದು ಎಳೆದು ತಂದು ತೋರಿಸಿದವಳು ನಾನು. ಕಂಬಳಿ ಹೊದ್ದು, ಹಲ್ಲಿಗೆ ಇದ್ದಲಿ ಬಳಿದುಕೊಂಡು, ದೊಡ್ಡ ದೊಡ್ಡ ಗಂಡಸರನ್ನು ಹೆದರಿಸಿದ್ದೇನೆ. ಹೆದರಿಸುವವರಿಗೆ ದೆವ್ವದ ಅಂಜಿಕೆ ಇರುವುದಿಲ್ಲ. ಕಂಬಳಿಯ ಒಳಗೆ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದಲ್ಲ.

ನಮ್ಮ ತವರು ಹಿಟ್ನಾಳ. ಆಗ ಆಳ್ವಿಕೆ ನಿಜಾಮನದು, ಎಲ್ಲೋ ದೊಡ್ಡ ಯುದ್ಧ ನಡೆದಿತ್ತು, ಅದರ ಸುದ್ದಿ ನಮಗೆ ಬರುತ್ತಿದ್ದದ್ದು ಸೀಮೆಎಣ್ಣೆ ಸಿಗದ ರೂಪದಲ್ಲಿ ಮಾತ್ರ. ನನಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು ಮತ್ತು ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಶಾಂತವ್ವ. ಅಕ್ಕ ನನ್ನ ಹಾಗಲ್ಲ. ಜೋರಾಗಿ ಮಾತಾಡಿದವಳಲ್ಲ, ಜಗಳ ಕಾಯ್ದವಳಲ್ಲ. ಯಾರಾದರೂ ಬೈದರೆ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆವತ್ತಿನ ರೊಟ್ಟಿ ಮಾತ್ರ ಬಹಳ ತೆಳ್ಳಗಿರುತ್ತಿತ್ತು.

ಆ ವರ್ಷ ಹೋಳಿಯ ಮುಂಚೆ ಆಯಿ ಅಕ್ಕನಿಗೊಂದು ಸಂಬಂಧ ತಂದಳು. ಯಲಬುರ್ಗಾ ಕಡೆಯ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅವರ ಮೊಮ್ಮಕ್ಕಳ ಕೈಯಲ್ಲೂ ಫೋನ್ ಇರುತ್ತದೆ. ಗಂಡಿಗೆ ನಲವತ್ತರ ಆಸುಪಾಸು. ಮೊದಲ ಹೆಂಡತಿ ಅದರ ಹಿಂದಿನ ವರ್ಷ ನೀರು ತರಲು ಹೋಗಿ ಬಾವಿಯಲ್ಲಿ ಜಾರಿ ಬಿದ್ದು ಸತ್ತಿದ್ದಳು. ಮಕ್ಕಳಿರಲಿಲ್ಲ. ಅಷ್ಟೇ ನಮಗೆ ಗೊತ್ತಿದ್ದದ್ದು. ಆ ಊರಿಗೆ ನಮ್ಮವರು ಯಾರೂ ಕಾಲಿಟ್ಟಿರಲಿಲ್ಲ, ಆ ಮನೆಯವರನ್ನು ಕಂಡೂ ಇರಲಿಲ್ಲ. ಆಯಿಯ ದೂರದ ನೆಂಟನೊಬ್ಬ ಹೇಳಿದ್ದನ್ನು ಆಯಿ ನಂಬಿದಳು, ಆಯಿ ಹೇಳಿದ್ದನ್ನು ಅಪ್ಪ ನಂಬಿದ.

"ಎರಡನೇ ಸಂಬಂಧ ಆದ್ರ ಏನಾತು? ಎರಿ ಹೊಲ ಐತಿ, ನಾಕು ಎತ್ತು ಅದಾವು. ಇವಳ ಬಣ್ಣಕ್ಕ ಇನ್ನ ಯಾ ನವಾಬ ಬರ್ತಾನ?" ಎಂದಳು ಆಯಿ, ಅಕ್ಕ ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾಗಲೇ.

"ಅಕ್ಕನ್ನ ಕೇಳಿದ್ರೇನು?" ಎಂದೆ ನಾನು.

"ನಿನ್ನ ನಾಲಿಗಿಗೆ ಬರಿ ಹಾಕ್ತೀನಿ ನೋಡು," ಎಂದಳು ಆಯಿ. ಅಪ್ಪ ತಲೆ ಎತ್ತಲಿಲ್ಲ. ಅವ್ವ ಒಲೆಯ ಮುಂದೆ ಹೊಗೆಯಲ್ಲಿ ಕಣ್ಣು ಒರೆಸಿಕೊಂಡಳು. ಹೊಗೆ ಇಲ್ಲದಾಗಲೂ ಅವಳು ಹಾಗೇ ಒರೆಸಿಕೊಳ್ಳುತ್ತಿದ್ದಳು.

ನನಗೆ ಬಂದ ಸಿಟ್ಟು ಎಷ್ಟೆಂದರೆ ಆ ದಿನ ಹಿತ್ತಲಿಗೆ ಹೋಗಿ ಕುಳ್ಳಿನ ರಾಶಿಯನ್ನೆಲ್ಲ ಒದ್ದು ಕೆಡವಿದೆ. ಸಿಟ್ಟು ಇಳಿದ ಮೇಲೆ ಉಪಾಯ ಹೊಳೆಯಿತು. ಹೋಳಿ ಹುಣ್ಣಿಮೆಗೆ ನಮ್ಮ ಕಡೆ ಸೋಗು ಹಾಕುತ್ತಾರೆ. ಗಂಡಸರು, ಹುಡುಗರು ವೇಷ ಕಟ್ಟಿಕೊಂಡು ಮನೆಮನೆಗೆ ಹೋಗಿ ಕುಣಿಯುತ್ತಾರೆ, ಬೈಯುತ್ತಾರೆ, ಬಾಯಿ ಬಡಿದುಕೊಳ್ಳುತ್ತಾರೆ. ಆ ದಿನ ಯಾರು ಏನು ಮಾಡಿದರೂ ಯಾರೂ ಕೇಳುವಂತಿಲ್ಲ. ಗಂಡಿನ ಕಡೆಯವರು ಹೆಣ್ಣು ನೋಡಲು ಹೋಳಿಯ ದಿನವೇ ಬರುವುದೆಂದು ಮಾತಾಗಿತ್ತು. ಕೋರೆಹಲ್ಲಿನ ರಾಕ್ಷಸಿಯ ಮುಖ ಮಾಡಿ, ಹಾಕಿಕೊಂಡು, ದನ ಕಟ್ಟುವ ಜಾಗದ ಕತ್ತಲೆಯಿಂದ ಅವರ ಮೇಲೆ ಜಿಗಿಯುವುದು. ಅಂಜಿ ಓಡಿದರೆ ಓಡಲಿ. ಓಡದಿದ್ದರೂ ಇಂಥ ತಂಗಿಯಿರುವ ಮನೆಯ ಹೆಣ್ಣು ಬೇಡ ಎನ್ನಲಿ. ಇದಿಷ್ಟು ನನ್ನ ಉಪಾಯ. ಹುಡುಗಿಯರು ಸೋಗು ಹಾಕುವಂತಿರಲಿಲ್ಲ, ಆದರೆ ಮುಖದ ಒಳಗೆ ಯಾರಿದ್ದಾರೆ ಎಂದು ಯಾರಿಗೆ ತಿಳಿಯಬೇಕು?

ಮುಖ ಮಾಡುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಓಣಿಯ ಕೊನೆಯಲ್ಲಿ ಹುಲಿಗೆಮ್ಮ ಎಂಬ ಮುದುಕಿ ಇದ್ದಳು. ಅವಳ ತವರು ಕಿನ್ನಾಳ, ಬಣ್ಣದ ಗೊಂಬೆ ಮಾಡುವವರ ಮನೆ. ಕಣ್ಣು ಮಂಜಾಗಿ ಅವಳು ಕೆಲಸ ಬಿಟ್ಟಿದ್ದಳು, ಬಾಯಿ ಬಿಟ್ಟಿರಲಿಲ್ಲ. ಎಲೆ ಅಡಿಕೆ ಕದ್ದು ಕೊಟ್ಟು ಅವಳಿಂದ ವಿದ್ಯೆ ಪಡೆದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ಅರೆದು ಕುದಿಸಿದರೆ ಅಂಟು. ಒಡೆದ ಗಡಿಗೆಯನ್ನು ಕವುಚಿಟ್ಟು ಅದರ ಹೊಟ್ಟೆಯ ಮೇಲೆ ಕೆರೆಮಣ್ಣಿನಿಂದ ಮೂಗು, ಕೆನ್ನೆ, ಗದ್ದ ಎಬ್ಬಿಸಬೇಕು. ಮಣ್ಣಿನ ಮೇಲೆ ಬೂದಿ ಉದುರಿಸಬೇಕು, ಇಲ್ಲವಾದರೆ ಕಾಗದ ಕಚ್ಚಿಕೊಂಡು ಬಿಡುವುದಿಲ್ಲ. ಆಮೇಲೆ ಕಾಗದದ ಚೂರುಗಳನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಮೆತ್ತಬೇಕು. ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬಿಡಿಸಿ, ಬಿಳಿಮಣ್ಣು ಬಳಿದು, ಬಣ್ಣ ಹಾಕಬೇಕು.

ಇಷ್ಟನ್ನೂ ಅವಳು ಹೇಳಿದಳು, ನಾನು ಅರ್ಧ ಕೇಳಿಸಿಕೊಂಡೆ. ಬೂದಿ ಹಾಕುವುದು ಮರೆತು ಮೊದಲನೆಯದು ಗಡಿಗೆಗೇ ಅಂಟಿಹೋಯಿತು. ಎರಡನೆಯದಕ್ಕೆ ಮೂಗನ್ನು ಬದನೆಕಾಯಿಯಷ್ಟು ದೊಡ್ಡದು ಮಾಡಿದ್ದರಿಂದ ಮಣ್ಣು ಬಿರಿದು ಬಿತ್ತು. ಕಾಗದ ಎಲ್ಲಿಂದ ತರಬೇಕು ಎಂಬುದೇ ಇನ್ನೊಂದು ಕಷ್ಟ. ಕಡೆಗೆ ಉರ್ದು ಸಾಲಿಯ ಹಳೆಯ ಪುಸ್ತಕವೊಂದು ಪಕ್ಕದ ಮನೆಯ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿದ್ದದ್ದು ಸಿಕ್ಕಿತು. ಅದರ ಹಾಳೆ ಹರಿದು ಮೂರನೆಯ ಮುಖ ಹಾಕಿದೆ. ಒಳಗಿನಿಂದ ನೋಡಿದರೆ ಅಲೀಫ್ ಬೇ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು.

ಇಲ್ಲೊಂದು ಕೆಲಸ ಮಾಡಿದೆ. ಮೂರನೆಯದು ಇನ್ನೂ ಅರ್ಧ ಹಸಿಯಿರುವಾಗಲೇ ಗಡಿಗೆಯಿಂದ ಬಿಡಿಸಿ, ಹಚ್ಚಿದ ಕೋಲಿನಿಂದ ಎರಡು ಕಣ್ಣು ಸುಟ್ಟು ತೂತು ಮಾಡಿದೆ. ಹಾಕಿಕೊಂಡು ನೋಡುವ ಆಸೆ ತಡೆಯಲಾಗಲಿಲ್ಲ. ಮೂಗು ಅರ್ಧ, ಬಾಯಿ ಇಲ್ಲ, ಕೋರೆಹಲ್ಲು ಇಲ್ಲ. ಅಂಥದ್ದನ್ನು ಮುಖಕ್ಕೆ ಹಿಡಿದುಕೊಂಡು ಹುಲಿಗೆಮ್ಮನ ಮುಂದೆ ಹೋಗಿ ನಿಂತೆ. ಅವಳು ಕೈಯಿಂದ ತಡವಿದಳು. ಬೆರಳು ಕಣ್ಣಿನ ತೂತಿಗೆ ಹೋದದ್ದೇ ತಡ, ಬಿಸಿ ತಗುಲಿದವಳಂತೆ ಹಿಂದಕ್ಕೆಳೆದಳು.

"ಯಾಕಬೇ ಮೂಳಿ, ಕಣ್ಣು ಮೊದ್ಲ ತಗದೀಯಾ?"

"ಏನಾತು? ನೋಡಾಕ ಬೇಕಲ್ಲ."

"ಕಣ್ಣು ಕಡೀಕ ತಗೀಬೇಕು. ಎಲ್ಲಾ ಮುಗದು, ಬಣ್ಣ ಆಗಿ, ಜಳಕಾ ಮಾಡಿ ಬಂದು ಆಮ್ಯಾಲ ಕಣ್ಣು. ಮೊದ್ಲ ತಗದ್ರ ಅದು ನೋಡಾಕ ಹತ್ತತೈತಿ. ನೋಡಾಕ ಹತ್ತಿದ ಮ್ಯಾಲ ನಿನ್ನ ಮಾತು ಎಲ್ಲಿ ಕೇಳತೈತಿ? ತನ್ನ ಮುಖಾ ತಾನ ಮಾಡ್ಕೊಂತೈತಿ. ಯಾರ ಬೇಕಾದವ್ರು ಬಂದು ಕುಂದರ್ತಾರ. ಒಡದು ಹಾಕು."

ನಾನು ಒಡೆಯಲಿಲ್ಲ. ಹೋಳಿ ಹತ್ತಿರ ಬಂದಿತ್ತು, ಇನ್ನೊಂದು ಮುಖಕ್ಕಾಗುವಷ್ಟು ಕಾಗದ ಉಳಿದಿರಲಿಲ್ಲ. ಮುದುಕಿಗೆ ಎಲೆ ಅಡಿಕೆ ಕಡಿಮೆಯಾಗಿರಬೇಕು ಎಂದುಕೊಂಡು ನಗುತ್ತ ಬಂದೆ.

ಆಮೇಲೆ ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಹಗಲೆಲ್ಲ ಕೂತು ರಾಕ್ಷಸಿಗೆ ಕಿವಿಯಿಂದ ಕಿವಿಯವರೆಗೆ ಬಾಯಿ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಾಗದ ಸೆಳೆದುಕೊಂಡು ಬಾಯಿ ಸಣ್ಣದಾಗಿ ಮುಚ್ಚಿತ್ತು, ಏನೋ ಹೇಳಲು ಹೋಗಿ ಬೇಡವೆಂದು ನಿಲ್ಲಿಸಿದವರ ಬಾಯಿಯಂತೆ. ಕೋರೆಹಲ್ಲು ಅಂಟಿಸಿದೆ, ಉದುರಿದವು. ಮತ್ತೆ ಅಂಟಿಸಿದೆ, ಮತ್ತೆ ಉದುರಿದವು. ಉಬ್ಬಿಸಿದ ಕೆನ್ನೆಗಳು ಬತ್ತಿ ಒಳ್ಳೆಯ ಹೆಣ್ಣುಮಗಳ ಕೆನ್ನೆಗಳಾದವು. ಮೂಗು ತಾನಾಗಿಯೇ ನೆಟ್ಟಗಾಯಿತು. ಇದನ್ನೆಲ್ಲ ಬೇಕಾದರೆ ಅಂಟು ಒಣಗುವಾಗ ಕಾಗದ ಸೆಳೆಯುತ್ತದೆ ಎಂದು ಬಿಟ್ಟುಬಿಡಬಹುದು, ನಾನೂ ಹಾಗೇ ಬಿಟ್ಟೆ. ಆದರೆ ಎಡಗಣ್ಣಿನ ಹುಬ್ಬಿನ ಮೇಲೆ ಒಂದು ತಗ್ಗು ಬಿತ್ತು. ಹೆಬ್ಬೆರಳು ಹಿಡಿಯುವಷ್ಟು. ಅದನ್ನು ಉಳಿದ ಕಾಗದದ ಚೂರು ತುಂಬಿ ಸಪಾಟು ಮಾಡಿದೆ. ಮರುದಿನ ಅದೇ ಜಾಗದಲ್ಲಿ ಅಷ್ಟೇ ತಗ್ಗು. ಅಂಟಿಗೆ ಹತ್ತಿ ಕಲಸಿ ಒತ್ತಿದೆ. ಮತ್ತೆ ತಗ್ಗು. ಸಿಟ್ಟು ಬಂದು ಆ ಮುಖಕ್ಕೆ ಕೆನ್ನೆಗೊಂದು ಬಾರಿಸಿದ್ದೂ ಉಂಟು. ಹೊಡೆದ ಕೈಗೇ ನೋವಾಯಿತು, ಮುಖಕ್ಕೆ ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಬಂದು ನನ್ನ ಪಕ್ಕ ಕೂತಳು. ಮುಖವನ್ನು ಬಹಳ ಹೊತ್ತು ನೋಡಿದಳು.

"ಯಾರಿದು?" ಎಂದಳು.

"ರಾಕ್ಷಸಿ."

"ಅಲ್ಲ. ಯಾರೋ ಪಾಪ, ಭಾಳ ದಣದಾಳ," ಎಂದು ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ಎದ್ದು ಹೋದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ನಿನ್ನನ್ನು ಬಿಡಿಸಲು ನಾನು ಇಷ್ಟು ಒದ್ದಾಡುತ್ತಿದ್ದರೆ ನೀನು ಕಾಗದಕ್ಕೆ ಪಾಪ ಎನ್ನುತ್ತೀಯಲ್ಲ ಎಂದು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದರ ಎದುರಿಗೆ ಎತ್ತರದ ಪಡಸಾಲೆ. ಮುಖವನ್ನು ನಾನು ದನದ ಕಡೆಯ ಕಂಬದ ಗೂಟಕ್ಕೆ ತೂಗುಹಾಕುತ್ತಿದ್ದೆ, ಬಿಸಿಲು ಬೀಳದ ಜಾಗ. ಆಯಿ ಕಂಡು ಬೈಯಬಾರದೆಂದು ಯಾವಾಗಲೂ ಅದರ ಮುಖ ಕಂಬದ ಕಡೆಗೆ ತಿರುಗಿಸಿ, ಬೆನ್ನು ಮಾತ್ರ ಕಾಣುವಂತೆ ಇಡುತ್ತಿದ್ದೆ. ಈಗ ಹೇಳಲಿರುವ ದಿನವೂ ಹಾಗೇ ಇಟ್ಟು ಹೋದೆ. ಇದರಲ್ಲಿ ನನಗೆ ಸಂಶಯವಿಲ್ಲ.

ಹೋಳಿ ಇನ್ನೂ ಬಂದಿರಲಿಲ್ಲ. ಹುಡುಗರು ಕಾಮನನ್ನು ಸುಡಲು ಓಣಿಯ ಕಟ್ಟಿಗೆ ಕದಿಯುತ್ತಿದ್ದರು, ನಾನು ಅವರಿಗೆ ಯಾರ ಹಿತ್ತಲಲ್ಲಿ ಏನಿದೆ ಎಂದು ದಾರಿ ತೋರಿಸುತ್ತಿದ್ದೆ. ಬಿಸಿಲು ನೆತ್ತಿಗೆ ಬಂದಾಗ ಮನೆಗೆ ಬಂದೆ. ಬಾಗಿಲಲ್ಲಿ ಬಂಡಿ ನಿಂತಿತ್ತು. ಗಂಡಿನ ಕಡೆಯವರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟಿದ್ದರು. ಹುಲಿಗಿಯ ಗುಡಿಗೆ ಬಂದಿದ್ದೆವು, ಹಾಗೇ ನೋಡಿಕೊಂಡು ಹೋಗೋಣ ಎಂದು ಬಂದೆವು ಎಂದರಂತೆ. ನನ್ನ ಉಪಾಯವೆಲ್ಲ ಮಣ್ಣುಪಾಲಾಯಿತು ಎಂದು ಅಳು ಬಂತು. ಬಾಗಿಲ ಮರೆಯಲ್ಲಿ ನಿಂತೆ.

ಪಡಸಾಲೆಯ ಮೇಲೆ ಜಮಖಾನ ಹಾಸಿತ್ತು. ಗಂಡು ಕಂಬಕ್ಕೆ ಒರಗಿ ಕೂತಿದ್ದ. ಸಣ್ಣ ಧ್ವನಿಯ, ಮೆತ್ತಗೆ ಮಾತಾಡುವ ಮನುಷ್ಯ. ಕ್ರೂರವಾಗಿ ಕಂಡಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೇನೋ. ಅವನ ತಾಯಿ ಇಳಕಲ್ ಸೀರೆಯ ದಪ್ಪ ಹೆಂಗಸು. ಅಕ್ಕನನ್ನು ನಿಲ್ಲಿಸಿ, ನಡೆಸಿ, ಜಡೆ ಹಿಡಿದು ಜಗ್ಗಿ ನೋಡುತ್ತಿದ್ದಳು, ಸಂತೆಯಲ್ಲಿ ಎಮ್ಮೆಯ ಬಾಲ ಹಿಡಿದು ನೋಡುವ ಹಾಗೆ.

"ಕೆಲಸಾ ಬರತೈತೇನು? ನಮ್ಮದು ದೊಡ್ಡ ಒಕ್ಕಲತನರಿ. ಮದ್ಲಿನಾಕಿ ಭಾಳ ಮೈಗಳ್ಳಿ ಇದ್ಲು, ಹಂಗಾಗಬಾರದು," ಎಂದಳು.

"ಇವಳು ಹಂಗಲ್ಲರಿ, ಹೇಳಿದ್ದು ಕೇಳ್ತಾಳ," ಎಂದಳು ನಮ್ಮ ಆಯಿ.

ಅಕ್ಕ ನೆಲ ನೋಡುತ್ತಿದ್ದಳು. ಅವ್ವ ಚರಗಿಯಲ್ಲಿ ನೀರು ತಂದು ಆ ಹೆಂಗಸಿನ ಮುಂದೆ ಇಟ್ಟಳು. ಅವಳು ಚರಗಿ ಎತ್ತಿ ಬಾಯಿಗೆ ಹಿಡಿದು, ಕುಡಿಯಲು ತಲೆ ಹಿಂದಕ್ಕೆ ಬಾಗಿಸಿದಳು. ಆಗ ಎದುರಿಗಿದ್ದ ಗೂಟ ಅವಳ ಕಣ್ಣಿಗೆ ಬಿತ್ತು.

ನಾನೂ ಆ ಕಡೆ ನೋಡಿದೆ. ಮುಖ ಪಡಸಾಲೆಯ ಕಡೆಗೆ ತಿರುಗಿತ್ತು.

ಚರಗಿ ಬೀಳಲಿಲ್ಲ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಬಲಗೈ ತಾನಾಗಿಯೇ ಮೇಲೆದ್ದು ಅವಳದೇ ಎಡಹುಬ್ಬಿನ ಮೇಲೆ ಹೋಯಿತು. ಆ ಕೈ ಅಲ್ಲೇ ನಿಂತಿತು. ಇವಳೇಕೆ ಹಣೆ ಮುಟ್ಟಿಕೊಳ್ಳುತ್ತಾಳೆ ಎಂದು ನನಗೆ ಆಗ ಅರ್ಥವಾಗಲಿಲ್ಲ, ಆದರೆ ಅದನ್ನು ನಾನು ಕಂಡೆ. ಅವ್ವನೂ ಕಂಡಳು.

"ನೀಲವ್ವನ್ನ ಇಲ್ಲಿ ಯಾರು ತಂದ್ರು?" ಎಂದಳು. ಯಾರನ್ನೂ ಕೇಳಿದಂತಿರಲಿಲ್ಲ.

ಮಗ ತಿರುಗಿ ನೋಡಿದ. ಎದ್ದು, ಪಡಸಾಲೆ ಇಳಿದು, ದನದ ಕಡೆ ಹೋಗದೆ ಗೋಡೆಗೆ ಅಂಟಿಕೊಂಡು ಬಾಗಿಲಿಗೆ ಬಂದ. ಕಾಲ್ಮರಿ ಮೆಟ್ಟುವಾಗ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡ. ನನ್ನ ಪಕ್ಕದಲ್ಲೇ ನಿಂತಿದ್ದ, ಅವನ ಉಸಿರಿನ ಸದ್ದು ಕೇಳುತ್ತಿತ್ತು.

"ಅವ್ವಾ, ಏಳು. ಹೋಗೂಣು," ಎಂದ.

ಆಮೇಲೆ ಆ ಹೆಂಗಸಿಗೆ ಬಾಯಿ ಬಂತು. ಸತ್ತ ಸೊಸೆಯ ಮುಖ ಗೂಟಕ್ಕೆ ತೂಗುಹಾಕಿ ಮರ್ಯಾದೆ ಕಳೆದಿರಿ, ಯಾರೋ ವೈರಿಗಳು ನಿಮಗೆ ಹೇಳಿಕೊಟ್ಟಿದ್ದಾರೆ, ನಿಮ್ಮ ಮನೆತನ ಹಾಳಾಗಲಿ ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಬಂಡಿ ಏರುವಾಗಲೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅವರು ಹೋದ ಮೇಲೆ ಅಪ್ಪ ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡ.

"ಯಾರು ಹೇಳಿಕೊಟ್ರು? ಯಾರ್ನ ನೋಡಿ ಮಾಡಿದಿ?"

"ಯಾರ್ನೂ ನೋಡಿಲ್ಲಪ್ಪಾ. ರಾಕ್ಷಸಿ ಮಾಡಾಕ ಹೋಗಿದ್ದೆ."

ಹೊಡೆದ. ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದೆ, ಮತ್ತೆ ಹೊಡೆದ. ಆ ಹೊಡೆತದ ಸಿಟ್ಟು ಬೇರೆ, ಇನ್ನೊಂದು ಸಿಟ್ಟು ಬೇರೆ. ಹುಡುಗಿಯೊಬ್ಬಳು ತಾನಾಗಿ ಒಂದು ಮುಖ ಮಾಡಿದಳೆಂದು ಅವರು ಯಾರೂ ನಂಬಲಿಲ್ಲ. ಯಾವನೋ ಗಂಡಸು ಮಾಡಿಕೊಟ್ಟಿರಬೇಕು, ಯಾವನೋ ಹೇಳಿಕೊಟ್ಟಿರಬೇಕು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ನಾನೇ ಮಾಡಿದೆ ಎಂದು ಕೂಗುವಾಗ ನನಗೇ ಅದು ಸುಳ್ಳು ಎನ್ನಿಸುತ್ತಿತ್ತು. ಮುಖ ತಿರುಗಿಸಿದವರು ಯಾರು ಎಂದು ಕೇಳಿದರೆ ಯಾರೂ ಒಪ್ಪಲಿಲ್ಲ. ನೀರು ತರುವ ತನಕ ಅವ್ವ ಅಡುಗೆಮನೆ ಬಿಟ್ಟಿರಲಿಲ್ಲ. ಅಕ್ಕನನ್ನು ಬೆಳಗಿನಿಂದ ಆಯಿ ಕಣ್ಣೆದುರೇ ಕೂರಿಸಿಕೊಂಡಿದ್ದಳು.

ಆಯಿ ಅದನ್ನು ಒಲೆಗೆ ಹಾಕು ಎಂದು ಅವ್ವನಿಗೆ ಹೇಳಿದಳು. ಸುಟ್ಟೆ ಎಂದಳು ಅವ್ವ. ನಾನೂ ನಂಬಿದೆ.

ಹೋಳಿ ಕಳೆದು, ಯುಗಾದಿಯೂ ಆದ ಮೇಲೆ ಒಂದು ದಿನ ಹಗಲು ಹೊತ್ತಿನಲ್ಲಿ ಒಬ್ಬ ಯುವಕ ಬಂದ. ತಲೆಗೆ ಟವೆಲ್ ಸುತ್ತಿದ್ದ, ಕಾಲೆಲ್ಲ ಧೂಳು. ಹುಲಿಹೈದರದಿಂದ ಬಂದೆ ಎಂದ. ಪಡಸಾಲೆ ಹತ್ತಲಿಲ್ಲ, ಕೆಳಗೇ ನಿಂತು ಅಪ್ಪನಿಗೆ ಕೈಮುಗಿದ.

"ನೀಲವ್ವ ನಮ್ಮಕ್ಕರಿ. ಆಕಿ ಮುಖಾ ನಿಮ್ಮ ಮನ್ಯಾಗ ಐತಂತ ಮಂದಿ ಮಾತಾಡಾಕ ಹತ್ಯಾರ. ಒಮ್ಮೆ ನೋಡಿ ಹೊಕ್ಕೀನ್ರಿ."

ಅಪ್ಪನ ಧ್ವನಿ ಮೆತ್ತಗಾಯಿತು. "ಸಣ್ಣ ಹುಡುಗಿ ಆಟಕ್ಕ ಮಾಡಿದ್ದು ತಮ್ಮಾ. ಸುಟ್ಟು ಹಾಕೀವಿ."

ಆಗ ಒಳಗಿನಿಂದ ಅಕ್ಕ ಬಂದಳು. ಜೋಳ ತುಂಬುವ ಗುಮ್ಮಿಯ ಹಿಂದಿನಿಂದ ತೆಗೆದದ್ದೆಂದು ಅದರ ಮೇಲಿನ ಹೊಟ್ಟಿನಿಂದಲೇ ತಿಳಿಯುತ್ತಿತ್ತು. ಅಪ್ಪನ ಮುಂದೆ, ಆಯಿಯ ಮುಂದೆ, ಯಾರ ಮುಖವನ್ನೂ ನೋಡದೆ ಇಳಿದು ಹೋಗಿ ಆ ಮುಖವನ್ನು ಅವನ ಕೈಗೆ ಕೊಟ್ಟಳು. ಅವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಸುಟ್ಟೆ ಎಂದವಳು ಅವಳೇ.

ಅವನು ಟವೆಲ್ ಬಿಚ್ಚಿ ಅದನ್ನು ಒರೆಸಿದ. ಬಿಳಿಮಣ್ಣು ಕೂಡ ಬಳಿದಿರಲಿಲ್ಲ, ಬರೀ ಕಾಗದದ ಬಣ್ಣದ ಮುಖ. ಬಹಳ ಹೊತ್ತು ನೋಡಿದ.

"ಆಕೀನರಿ," ಎಂದ. "ನಗೂದು ಅಂಜಿ ನಗತಿದ್ಲು, ಹಿಂಗ." ಬೆರಳನ್ನು ಹುಬ್ಬಿನ ಮೇಲಿನ ತಗ್ಗಿನಲ್ಲಿ ಇಟ್ಟ. "ಆದ್ರ ಇದು ಇರಲಿಲ್ರಿ. ನಮ್ಮ ಮನಿ ಬಿಡೂವಾಗ ಆಕಿ ಹಣಿ ಸಪಾಟ ಇತ್ತು."

ಬೆರಳನ್ನು ಅವನು ಅಲ್ಲಿಂದ ತೆಗೆಯಲಿಲ್ಲ.

"ಬಾವ್ಯಾಗ ಜಾರಿ ಬಿದ್ಲು ಅಂತ ಹೇಳಿ ಕಳಿಸಿದ್ರು. ನಾವು ಬಂಡಿ ಕಟ್ಕೊಂಡು ಹೋಗೂದ್ರಾಗ ಮಣ್ಣು ಮಾಡಿ ಮುಗಿಸಿದ್ರು. ನಾವು ಮುಖಾ ನೋಡಿಲ್ರಿ," ಎಂದ.

ಆಗ ನನಗೆ ಆ ಹೆಂಗಸಿನ ಕೈ ನೆನಪಾಯಿತು. ಎಡಹುಬ್ಬಿನ ಮೇಲೆ ಹೋಗಿ ನಿಂತ ಕೈ. ಆ ಉರಿಬಿಸಿಲಿನಲ್ಲಿ ನನ್ನ ಮೈ ತಣ್ಣಗಾಯಿತು. ಅದಕ್ಕಿಂತ ಮೊದಲಾಗಲಿ ಆಮೇಲಾಗಲಿ ನನಗೆ ಹಾಗಾದದ್ದಿಲ್ಲ.

ಅವನು ಮುಖವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡ. ಒಯ್ಯಲೇ ಎಂದು ಕೇಳಲಿಲ್ಲ, ನಾವೂ ಬೇಡ ಎನ್ನಲಿಲ್ಲ. ಅವ್ವ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಳು. ನೆತ್ತಿಗೆ ಏನೂ ಇಲ್ಲದೆ ಆ ಬಿಸಿಲಿನಲ್ಲಿ ನಡೆದು ಹೋದ. ಅವನನ್ನು ಮತ್ತೆ ನಾವು ನೋಡಲಿಲ್ಲ.

ಆ ಸಂಬಂಧವಂತೂ ಮುರಿದು ಬಿತ್ತು. ಇದು ಕಥೆಯಾಗಿದ್ದರೆ ಆ ಮನೆಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಅವರ ಹೊಲ ಬೆಳೆಯಿತು, ಎತ್ತು ಹೆಚ್ಚಾದವು. ಆ ಮೆತ್ತನೆಯ ಮನುಷ್ಯ ಮುಂದಿನ ಸುಗ್ಗಿಯೊಳಗೆ ಇನ್ನೊಂದು ಊರಿನಿಂದ ಇನ್ನೊಂದು ಹುಡುಗಿಯನ್ನು ಕಟ್ಟಿಕೊಂಡು ಬಂದ. ಆ ಸುದ್ದಿ ಕೇಳಿದ ದಿನ ಅಪ್ಪ ಪಡಸಾಲೆಯಲ್ಲಿ ಕೂತು, ನಮ್ಮ ಹುಡುಗಿ ಉಳಿದಳಲ್ಲ ಬಿಡು ಎಂದ. ಆ ಹುಡುಗಿಯ ತವರಿಗೆ ಒಂದು ಮಾತು ಹೇಳಿ ಕಳಿಸೋಣ ಎಂದು ಅವ್ವ ಅಂದದ್ದಕ್ಕೆ, ನಮಗ್ಯಾಕ ಮಂದಿ ಉಸಾಬರಿ ಎಂದು ಆಯಿ ಬಾಯಿ ಮುಚ್ಚಿಸಿದಳು. ನನಗೆ ಈಗಲೂ ಕುದಿಯುವುದು ಅದಕ್ಕೇ. ಬಾರಕೋಲಿನ ಹೊಡೆತ ಎಂದೋ ಮರೆತುಹೋಗಿದೆ.

ಆಮೇಲೆ ನಾನು ಬಹಳ ಮುಖ ಮಾಡಿದ್ದೇನೆ. ಮಕ್ಕಳ ಸಾಲಿಯ ಆಟಕ್ಕೆ ಹುಲಿ, ಮಂಗ, ರಾವಣ. ಬೇಕೆಂದೇ ಕಣ್ಣು ಮೊದಲು ತೆಗೆದು ನೋಡಿದ್ದೇನೆ. ಹುಲಿ ಹುಲಿಯೇ ಆಯಿತು, ಮಂಗ ಮಂಗನೇ. ಒಣಗುವಾಗ ತಗ್ಗು ಬೀಳುತ್ತದೆ, ನಿಜ, ಆದರೆ ಒಮ್ಮೆ ತುಂಬಿದರೆ ಮುಗಿಯಿತು. ಸಣ್ಣವಳಿದ್ದಾಗ ಹುಲಿಗಿಯ ಹುಣ್ಣಿಮೆಯ ಗದ್ದಲದಲ್ಲಿ ನೀಲವ್ವನನ್ನು ಎಲ್ಲೋ ಕಂಡಿದ್ದೆನೇ ಎಂದು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇನೆ. ಕಂಡಿದ್ದರೂ ಆ ತಗ್ಗು ಎಲ್ಲಿಂದ ಬಂತು? ಅವಳನ್ನು ಹಡೆದವರೇ ನೋಡದ ತಗ್ಗು ಅದು. ಹುಲಿಗೆಮ್ಮನನ್ನು ಕೇಳೋಣವೆಂದರೆ ಅವಳು ಆ ಬೇಸಿಗೆಯಲ್ಲೇ ತೀರಿಕೊಂಡಳು. ದೆವ್ವ ಇದೆ ಎಂದು ಈಗಲೂ ನಾನು ಒಪ್ಪುವುದಿಲ್ಲ. ಆದರೆ ಆ ಮುಖ ನಾನು ಮಾಡಿದ್ದಲ್ಲ ಎಂಬುದು ನನ್ನ ಕೈಗೆ ಗೊತ್ತಿದೆ.

ಅಕ್ಕನ ಮದುವೆ ಆಮೇಲೆ ಕುಷ್ಟಗಿಯ ಬಟ್ಟೆ ಅಂಗಡಿಯವನ ಜೊತೆ ಆಯಿತು. ಒಳ್ಳೆಯ ಮನುಷ್ಯ. ಅಕ್ಕ ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬು ವಯಸ್ಸಿನಲ್ಲಿ ಹೋದಳು. ಅವಳು ಹೋಗುವುದಕ್ಕೆ ಕೆಲವು ವರ್ಷ ಮುಂಚೆ ಕುಷ್ಟಗಿಗೆ ಹೋಗಿದ್ದೆ. ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಆ ಮುಖ ಹೇಗೆ ಬಂದಿರಬಹುದು, ನೀನಾದರೂ ಏನಾದರೂ ಯೋಚನೆ ಮಾಡಿದ್ದೀಯಾ ಎಂದು ಎಷ್ಟನೆಯ ಸಲವೋ ಕೇಳಿದೆ. ಅಕ್ಕ ಸುಲಿಯುವುದನ್ನು ನಿಲ್ಲಿಸಿದಳು. ಅವಳು ಧ್ವನಿ ಏರಿಸಿದ್ದನ್ನು ನಾನು ಕೇಳಿದ್ದು ಆವತ್ತೊಂದೇ ಸಲ.

"ಹಲ್ಲು ಉದುರಿದ್ರೂ ಅದನ್ನ ಕೇಳ್ತೀಯಲ್ಲಬೇ, ಮುಖಾ ಹೆಂಗ ಬಂತು, ಮುಖಾ ಹೆಂಗ ಬಂತು ಅಂತ. ಆಕಿ ಹೆಂಗ ಸತ್ಲು ಅಂತ ನಮ್ಮ ಮನ್ಯಾಗ ಒಬ್ಬರರ ಒಂದಿನ ಕೇಳೀರೇನು?"